ಕನವರಿಕೆ ಬಾಯಿಗೆ ಮಾತ್ರವೇ? ನಿದ್ದೆಯಲ್ಲಿ ಕೈಕಾಲು ಬೀಸುವುದಕ್ಕೆ ನಿಮ್ಮ ಕಡೆ ಏನಂತಾರೆ?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಹಿರಿಯರಿಗಾಗಿ ನಿದ್ದೆಯ ತೊಂದರೆಗಳ ಬಗ್ಗೆ ಎರಡು ಪುಟದ ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಂದು ಪದದ ಹತ್ತಿರ ಗಾಡಿ ನಿಂತಿದೆ, ಬಲ್ಲವರು ನೂಕಿಕೊಡಬೇಕು.

ಹೋದ ವರ್ಷ ಅಪ್ಪನನ್ನು ಥಾಣೆಗೆ ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆವು. ಅವರು ಮರಾಠಿಯಲ್ಲಿ "ಝೋಪೇತ್ ಬರಳ್ತಾತ್ ಕಾ?" ಎಂದು ಕೇಳಿದರು. ನಾನು ಅಮ್ಮನಿಗೆ "ಅಪ್ಪ ಕನವರಿಸ್ತಾರೇನು?" ಎಂದು ದಾಟಿಸಿದೆ. ಧಾರವಾಡದ ಕಡೆಯ ಅಮ್ಮ ಇಲ್ಲ ಅಂದಳು. ಅಪ್ಪನಂತೂ "ನನಗ ಛಲೋ ನಿದ್ದಿ ಬರ್ತದ" ಎಂದ. ಎದ್ದು ಹೊರಡುವಾಗ ಅಪ್ಪನ ಬಲಗೈ ಗೆಣ್ಣುಗಳ ಮೇಲೆ ಒಣಗುತ್ತಿದ್ದ ಗಾಯ ಡಾಕ್ಟರ ಕಣ್ಣಿಗೆ ಬಿತ್ತು. ಇದೇನು ಅಂದಾಗ ಅಮ್ಮ ಹೇಳಿದ್ದು: "ಬೆಳಗಿನ ಜಾವ ಕಪಾಟಿಗೆ ಗುದ್ದಿದ್ರು. ಕನಸಿನಾಗ ಹೊಲಕ್ಕ ಎಮ್ಮಿ ಹೊಕ್ಕಿತ್ತಂತ, ಹೊಡದು ಓಡಸ್ಲಿಕತ್ತಿದ್ರು." ಮತ್ತೆ ಆಗಲೇ ಇಲ್ಲ ಅಂದೆಯಲ್ಲ ಅಂದರೆ, "ಕನವರಿಕಿ ಅಂದ್ರ ಬಾಯಿಂದು. ಇದು ಬಡದಾಟ!"

ಅಮ್ಮನ ಲೆಕ್ಕ ಸರಿಯಾಗಿಯೇ ಇದೆ. ಕನವರಿಸು ಎಂದರೆ ನಿದ್ದೆಯಲ್ಲಿ ಮಾತಾಡು. ಕನಸು, ತಮಿಳಿನ ಕನವು, ತುಳುವಿನ ಕನ ಇವೆಲ್ಲ ಒಂದೇ ಬಳ್ಳಿಯವು. ಈಚೆಗೆ ಪತ್ರಿಕೆಗಳಲ್ಲಿ ಇದು ಹಂಬಲಿಸು ಎಂಬ ಕಡೆಗೂ ಜಾರಿದೆ, 'ಕುರ್ಚಿಗಾಗಿ ಕನವರಿಕೆ' ಎಂಬಂತೆ. ಹಾಗಾಗಿ ಕರಪತ್ರದಲ್ಲಿ ಬರೀ 'ಕನವರಿಕೆ' ಎಂದು ಬರೆದರೆ ಒಬ್ಬರಿಗೆ ಹಂಬಲ, ಇನ್ನೊಬ್ಬರಿಗೆ ಬಾಯಿ ಬಡಬಡಿಕೆ. ಗುದ್ದು, ಒದೆತ ಯಾರ ತಲೆಗೂ ಬರುವುದಿಲ್ಲ. ನನಗೆ ಬೇಕಾದದ್ದೇ ಅದು.

ಯಾಕೆಂದರೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಸರಸರ ಓಡುವ, ಕನಸು ಬೀಳುವ ರೆಮ್ ನಿದ್ದೆಯಲ್ಲಿ ಮಿದುಳುಕಾಂಡ ಮೈಯ ಸ್ನಾಯುಗಳನ್ನು ಸಡಿಲಗೊಳಿಸಿ ಕಟ್ಟಿಹಾಕಿರುತ್ತದೆ, ಕನಸಿನಲ್ಲಿ ಓಡಿದರೂ ಕಾಲು ಓಡುವುದಿಲ್ಲ. ಕೆಲವರಲ್ಲಿ, ಹೆಚ್ಚಾಗಿ ಐವತ್ತು ದಾಟಿದವರಲ್ಲಿ, ಈ ಕಟ್ಟು ಬಿಚ್ಚಿಹೋಗುತ್ತದೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೋವಾಲ್ಡ್ 1986ರಲ್ಲಿ ಇದನ್ನು ಬೇರೆಯದೇ ಕಾಯಿಲೆಯೆಂದು ಗುರುತಿಸಿದರು. ನಿದ್ದೆಯ ಪರೀಕ್ಷೆಯಲ್ಲಿ ಇದು ಖಚಿತವಾದ 1,280 ಜನರ ಮೇಲೆ ಹಲವು ದೇಶಗಳ ವೈದ್ಯರು ಕಣ್ಣಿಟ್ಟು 2019ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 12 ವರ್ಷದೊಳಗೆ ಪಾರ್ಕಿನ್ಸನ್ ಅಥವಾ ಅದರ ಬಳಗದ ಮರೆವಿನ ಕಾಯಿಲೆ ಕಾಣಿಸುವ ಸಂಭವ ನೂರಕ್ಕೆ 73ರಷ್ಟು. ಗಮನಿಸಿ, ಇದು ಪರೀಕ್ಷೆಯಲ್ಲಿ ಖಚಿತವಾದವರ ಮಾತು. ರಾತ್ರಿ ಎರಡು ಮಾತು ಗೊಣಗುವವರೆಲ್ಲ ಗಾಬರಿಯಾಗಬೇಕಿಲ್ಲ. ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ.

ಪಾರ್ಕಿನ್ಸನ್ನಿಗೆ 'ಕಂಪವಾತ' ಅಂದರೆ ಹಿರಿಯರಿಗೆ ತಟ್ಟನೆ ತಿಳಿಯುತ್ತದೆ. ಆದರೆ ಆ ಹೆಸರಿನಲ್ಲೇ ನಡುಕ ಕೂತುಬಿಟ್ಟಿದೆ. ನಿದ್ದೆಯ ಬಡಿದಾಟ ಎಷ್ಟೋ ಸಲ ನಡುಕಕ್ಕಿಂತ ವರ್ಷಗಟ್ಟಲೆ ಮೊದಲೇ ಶುರುವಾಗುತ್ತದೆ. "ಕೈ ನಡುಗೂದಿಲ್ಲ, ಮತ್ಯಾಕ ಕಂಪವಾತ?" ಎಂದು ಅಪ್ಪನೇ ವಾದ ಹೂಡಿದ್ದ. ಮರೆವಿನ ಕಾಯಿಲೆಗೆ 'ಅರಳುಮರಳು' ಹಾಕಿ ಎಂದು ಒಬ್ಬರು ಸೂಚಿಸಿದರು. ನಾನು ಒಪ್ಪಲಿಲ್ಲ. ಅರವತ್ತಕ್ಕೆ ಅರಳುಮರಳು ಎಂದು ನಕ್ಕು ಮುಗಿಸುವ ಮಾತದು, ಡಾಕ್ಟರ ಹತ್ತಿರ ಕರೆದೊಯ್ಯುವ ಮಾತಲ್ಲ.

ಮೂಲ ಪ್ರಶ್ನೆಗೆ ಬರುತ್ತೇನೆ. ಈ ಕಾಯಿಲೆಯ ಇಂಗ್ಲಿಷ್ ಹೆಸರನ್ನೇ ಕನ್ನಡಿಸಿ 'ಕ್ಷಿಪ್ರ ನೇತ್ರ ಚಲನೆಯ ನಿದ್ರಾ ವರ್ತನಾ ದೋಷ' ಎಂದು ಬರೆದರೆ ಓದುವವರೇ ತೂಕಡಿಸುತ್ತಾರೆ. 'ನಿದ್ದೆಗಣ್ಣಿನ ನಡಿಗೆ' ಬೇರೆಯೇ ತೊಂದರೆ: ಅದು ಹೆಚ್ಚಾಗಿ ಮಕ್ಕಳದ್ದು, ಮೊದಲ ಜಾವದ ಗಾಢ ನಿದ್ದೆಯಲ್ಲಿ ಆಗುವಂಥದ್ದು, ಎದ್ದಮೇಲೆ ಸಾಮಾನ್ಯವಾಗಿ ನೆನಪೂ ಇರುವುದಿಲ್ಲ. ಈ ಬಡಿದಾಟ ಸಾಮಾನ್ಯವಾಗಿ ಬೆಳಗಿನ ಕಡೆಗೆ, ಎಬ್ಬಿಸಿದರೆ ಎಮ್ಮೆಯ ಬಣ್ಣವನ್ನೂ ಹೇಳುತ್ತಾರೆ. 'ಬೆಚ್ಚಿಬೀಳು' ಒಂದೇ ಗಳಿಗೆಯದು. ಸದ್ಯಕ್ಕೆ ಅಮ್ಮನ ಮಾತನ್ನೇ ಹಿಡಿದು 'ಕನಸಿನ ಬಡಿದಾಟ' ಎಂದು ಬರೆದಿಟ್ಟಿದ್ದೇನೆ. ಆದರೆ ಇದು ನಾನು ಜೋಡಿಸಿದ್ದು, ಬಳಕೆಯದಲ್ಲ. ಕರಾವಳಿ, ಮಲೆನಾಡು, ಕಲ್ಯಾಣ ಕರ್ನಾಟಕದ ಕಡೆ ಇದಕ್ಕೇ ಅಂಟಿದ ಒಂದು ಮಾತು ಇದ್ದೀತು. ಮನೆಯ ಹಿರಿಯ ಹೆಂಗಸರನ್ನು ಕೇಳಿ ತಿಳಿಸುತ್ತೀರಾ? ಗುದ್ದು ತಿಂದವರು ಅವರೇ ತಾನೆ.

ಸಿಗುವ ತನಕ ಕರಪತ್ರದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ಹೀಗೆ ಬರೆದಿದ್ದೇನೆ: "ಪಕ್ಕದಲ್ಲಿ ಮಲಗುವವರು ಹೇಳಬೇಕು: ಇವರು ನಿದ್ದೆಯಲ್ಲಿ ಗುದ್ದುತ್ತಾರೆಯೇ, ಒದೆಯುತ್ತಾರೆಯೇ, ಮಂಚದಿಂದ ಬಿದ್ದಿದ್ದಾರೆಯೇ?" ನಮ್ಮ ಮನೆಯಲ್ಲಿ ಕಪಾಟು ಈಗ ಪಡಸಾಲೆಗೆ ಬಂದಿದೆ, ಅಪ್ಪನ ಹಾಸಿಗೆ ನೆಲಕ್ಕೆ.