ಸಹಾಯ ಬೇಕು: ಸ್ವಂತ ಮಾಸ್ಟೊಡಾನ್ ಸರ್ವರಾ, ನಾಸ್ಟರಾ?

ನಾನು ಬರೆಯುವ ಜಾಲತಾಣ ಪದೇ ಪದೇ ಪೋಸ್ಟ್ ತೆಗೆದುಹಾಕುತ್ತಿದೆ. ಕೇಳಿದರೆ "ನಿಯಮ ಉಲ್ಲಂಘನೆ" ಅನ್ನುವ ಅದೇ ಸಿದ್ಧ ಉತ್ತರ. ಸಾಕಾಗಿ, ಬೇರೆ ಬೇರೆ ಜನ ತಮ್ಮ ತಮ್ಮ ಸರ್ವರ್‌ಗಳಲ್ಲಿ ನಡೆಸುವ ಸಾಮಾಜಿಕ ಜಾಲವಾದ ಮಾಸ್ಟೊಡಾನ್‌ಗೆ ಬಂದೆ. ಅಲ್ಲೂ ಸರ್ವರ್ ನಡೆಸುವವರದ್ದೇ ಕೊನೇ ಮಾತು, ಖಾಸಗಿ ಸಂದೇಶಕ್ಕೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಬೇರೆ ಇಲ್ಲ, ಅಂದ್ರೆ ಅಡ್ಮಿನ್ ಮನಸ್ಸು ಮಾಡಿದರೆ ಓದಬಹುದು. ಬೇರೆ ಸರ್ವರ್‌ಗೆ ಖಾತೆ ಬದಲಾಯಿಸಿದೆ. ಫಾಲೋವರ್‌ಗಳು ಬಂದರು, ಹಳೇ ಪೋಸ್ಟ್‌ಗಳು ಅಲ್ಲೇ ಉಳಿದವು.

ನಾಸ್ಟರ್ ಅನ್ನೋ ಇನ್ನೊಂದು ಜಾಲದಲ್ಲಿ ಖಾತೆ ಅಂದರೆ ಬರೀ ಒಂದು ಕೀ, ಅಂದ್ರೆ ಗುಟ್ಟಾಗಿ ಇಟ್ಟುಕೊಳ್ಳಬೇಕಾದ ಉದ್ದನೆಯ ಸಂಕೇತ. ಒಂದು ರಿಲೇ (ಪೋಸ್ಟ್ ಇಟ್ಟುಕೊಂಡು ಹಂಚುವ ಸರ್ವರ್) ತಡೆದರೆ ಇನ್ನೊಂದಕ್ಕೆ ಕಳಿಸಬಹುದು. ಆದರೆ ಕೀ ಕಳೆದರೆ ಪಾಸ್‌ವರ್ಡ್ ರೀಸೆಟ್ ಅನ್ನೋದೇ ಇಲ್ಲ, ಮೇಲಾಗಿ ರಿಲೇಗೆ ನನ್ನ ಐಪಿ ವಿಳಾಸ ಕಾಣುತ್ತದೆ ಅಲ್ವಾ? ಸ್ವಂತ ಮಾಸ್ಟೊಡಾನ್ ಸರ್ವರ್ ಹಾಕೋಣ ಅಂದರೆ ಡೊಮೇನ್ (ಜಾಲತಾಣದ ವಿಳಾಸ) ಕೊಳ್ಳುವಾಗಲೇ ಹೆಸರು ಕೊಡಬೇಕು. ಸಿಕ್ಕಿಬಿದ್ದಿರುವುದು ಇಲ್ಲೇ.

ಹೆಸರು ಹೊರಬೀಳಬಾರದು, ಪೋಸ್ಟನ್ನು ಬೇರೆಯವರು ಅಳಿಸಬಾರದು. ಇದಕ್ಕೆ ಟಾರ್ (ಐಪಿ ವಿಳಾಸ ಮರೆಮಾಡುವ ಜಾಲ) ಮೂಲಕ ನಾಸ್ಟರ್ ಬಳಸಿದರೆ ಸಾಕಾ, ಸ್ವಂತ ಸರ್ವರೇ ಬೇಕಾ? ಬಳಸಿ ನೋಡಿದವರು ಹೇಳಿ.