ಹಿಪ್ನೋಥೆರಪಿಗೆ ಹೋಗಿ ಎಂದಿದ್ದಾರೆ, ಮನಸ್ಸು ಹಿಂದೇಟು ಹಾಕುತ್ತಿದೆ

ಪ್ರಶ್ನೆ: ಕರುಳಿನ ಕೈದಿ

ನಾಲ್ಕು ವರ್ಷಗಳಿಂದ ಐಬಿಎಸ್, ಅಂದರೆ ಪರೀಕ್ಷೆಯಲ್ಲಿ ದೋಷ ಕಾಣದಿದ್ದರೂ ಹೊಟ್ಟೆನೋವು, ಮಲವಿಸರ್ಜನೆಯ ಏರುಪೇರು ಕಾಡುವ ಕರುಳಿನ ತೊಂದರೆ. ಎಲ್ಲಿಗೆ ಹೋದರೂ ಮೊದಲು ಶೌಚಾಲಯ ಯಾವ ಕಡೆ ಎಂದು ನೋಡಿಕೊಳ್ಳುವ ಬಾಳು. ಎಂಡೋಸ್ಕೋಪಿ, ರಕ್ತ, ಮಲ ಎಲ್ಲ ಪರೀಕ್ಷೆಗಳೂ ಸರಿಯಾಗಿಯೇ ಬಂದಿವೆ. ಮಾತ್ರೆ ಬದಲಿಸಿ ಬದಲಿಸಿ ಸಾಕಾಗಿ ವೈದ್ಯರು ಈಗ ಹಿಪ್ನೋಥೆರಪಿಯ, ಅಂದರೆ ಸಂಮೋಹನ ಚಿಕಿತ್ಸೆಯ, ಮಾತೆತ್ತಿದ್ದಾರೆ. ನನಗೆ ಗೊತ್ತಿರುವುದು ಗಡಿಯಾರ ತೂಗಾಡಿಸಿ ಜನರನ್ನು ಕೋಳಿಯಂತೆ ಕೂಗಿಸುವ ವೇದಿಕೆಯ ಹಿಪ್ನಾಟಿಸಂ ಮಾತ್ರ. ಪ್ರಜ್ಞೆ ತಪ್ಪುತ್ತದೆಯೇ? ಯಾರಿಗೂ ಹೇಳದ ವಿಷಯ ಬಾಯಿಂದ ಹೊರಬಿದ್ದರೆ? ಮತ್ತೆ ಎಚ್ಚರವೇ ಆಗದಿದ್ದರೆ? ಅಥವಾ ‘ಕಾಯಿಲೆ ಇರುವುದು ನಿನ್ನ ತಲೆಯಲ್ಲಿ’ ಎಂಬುದನ್ನೇ ಅವರು ಮರ್ಯಾದೆಯಿಂದ ಹೇಳಿದರೇ?

ಉತ್ತರ: ಎಂಟು ಸಲ ಮಲಗಿದವನು

ಅದೇ ಕರುಳು, ಅದೇ ಗೋಳು. ಎಂಟು ಬಾರಿ ಹೋಗಿದ್ದೇನೆ, ಹಾಗಾಗಿ ಹೇಳುವ ಹಕ್ಕಿದೆ ಎಂದುಕೊಳ್ಳುತ್ತೇನೆ.

ಮೊದಲ ದಿನ ಸಂಮೋಹನವೇ ನಡೆಯಲಿಲ್ಲ. ಮುಕ್ಕಾಲು ಗಂಟೆ ಬರೀ ಮಾತು. ನೋವು ಯಾವಾಗ, ಹೇಗೆ, ಅದು ಬಂದಾಗ ಏನು ಮಾಡುತ್ತೀರಿ ಎಂದೆಲ್ಲ ಕೇಳಿದರು. ಎರಡನೆಯ ದಿನ ಒರಗುಕುರ್ಚಿಯಲ್ಲಿ ಕೂರಿಸಿ, ಉಸಿರನ್ನು ಗಮನಿಸಲು ಹೇಳಿ, ಪಾದದಿಂದ ಮೇಲಕ್ಕೆ ಒಂದೊಂದೇ ಭಾಗವನ್ನು ಸಡಿಲಿಸುತ್ತಾ ಬಂದರು. ನಾನು ಮಾತ್ರ ‘ಇನ್ನೇನು ಹೋಗುತ್ತೇನೆ, ಹೋಗುತ್ತೇನೆ’ ಎಂದು ಕಾದೇ ಕಾದೆ. ಎಲ್ಲಿಗೂ ಹೋಗಲಿಲ್ಲ. ಹೊರಗೆ ಯಾರೋ ಕುರ್ಚಿ ಎಳೆದದ್ದೂ ಕೇಳಿಸಿತು. ಅಷ್ಟರಲ್ಲಿ ಮೂಗಿನ ತುದಿ ತುರಿಸತೊಡಗಿತು. ಕೈ ಎತ್ತಿದರೆ ಎಲ್ಲ ಕೆಡುತ್ತದೆ ಎಂದು ಹಲ್ಲುಕಚ್ಚಿ ತಡೆದುಕೊಂಡೆ. ಮುಖ ಕಿವಿಚಿದ್ದು ಅವರಿಗೆ ಕಂಡಿರಬೇಕು, ಅದೇ ಇಳಿದನಿಯಲ್ಲಿ ‘ತುರಿಸಿದರೆ ಕೆರೆದುಕೊಳ್ಳಿ’ ಎಂದರು. ಕೆರೆದುಕೊಂಡೆ. ಏನೂ ಕೆಡಲಿಲ್ಲ. ನನ್ನ ಅರ್ಧ ಭಯ ಹೋದದ್ದು ಆ ಗಳಿಗೆಯಲ್ಲಿ. ಕೈ ನನ್ನದೇ, ಬಾಯಿಯೂ ನನ್ನದೇ. ಹೇಳಬಾರದೆಂದುಕೊಂಡದ್ದು ಹೇಳದೆಯೇ ಉಳಿಯುತ್ತದೆ.

ಅನುಭವವನ್ನು ಹೋಲಿಸುವುದಾದರೆ, ಕಾದಂಬರಿಯಲ್ಲಿ ಮುಳುಗಿದ್ದಾಗ ಯಾರೋ ಹೆಸರು ಹಿಡಿದು ಕರೆದದ್ದು ಎರಡನೆಯ ಸಲಕ್ಕೆ ಕೇಳಿಸುತ್ತದಲ್ಲ, ಅಂಥದ್ದು. ಆಮೇಲೆ ಅಂಗೈಗಳನ್ನು ಹೊಟ್ಟೆಯ ಮೇಲಿಡಿಸಿ, ಬಿಸುಪು ಒಳಗಿಳಿಯುವುದನ್ನು ಕಲ್ಪಿಸಿಕೊಳ್ಳಲು ಹೇಳಿದರು. ಕರುಳನ್ನು ನದಿಯಂತೆ ನೋಡಿ, ರಭಸವಾಗಿದ್ದರೆ ನೀವೇ ನಿಧಾನಗೊಳಿಸಿ ಎಂದರು. ನನ್ನ ನದಿ ಮೊದಲ ವಾರ ಬರೀ ಕೆಸರು! ಮನೆಯಲ್ಲಿ ಕೇಳಲು ಧ್ವನಿಮುದ್ರಣ ಕೊಟ್ಟಿದ್ದರು. ನಿಜವಾದ ಕೆಲಸ ಅದನ್ನು ದಿನವೂ ಕೇಳುವುದೇ, ನನ್ನಂಥ ಸೋಮಾರಿಗೆ ಅದೇ ಕಷ್ಟವಾಯಿತು. ಎರಡು ಸಲ ಗೊರಕೆ ಹೊಡೆದು ಮಲಗಿದ್ದೂ ಉಂಟು. ಎಚ್ಚರವಾಗದಿದ್ದರೆ ಎಂದಿರಲ್ಲ, ಆಗುವುದು ಅಷ್ಟೇ: ನಿದ್ದೆ ಹತ್ತುತ್ತದೆ, ನಿದ್ದೆ ಮುಗಿದಾಗ ಏಳುತ್ತೀರಿ.

ಐದನೆಯ ವಾರದವರೆಗೆ ಏನೂ ಗೊತ್ತಾಗಲಿಲ್ಲ. ಈಗ ನೋವು ಬರುತ್ತದೆ, ಆದರೆ ಬಂದ ಕೂಡಲೇ ಎದೆ ಧಸಕ್ಕೆನ್ನುವುದಿಲ್ಲ. ಪೂರ್ತಿ ಗುಣ ಎಂದು ಹೇಳಿದರೆ ಸುಳ್ಳಾಗುತ್ತದೆ.

ಉತ್ತರ: ಮನಶ್ಶಾಸ್ತ್ರದ ಮೇಷ್ಟ್ರು

ತಲೆಯಲ್ಲಿದೆಯೇ ಎಂಬ ಪ್ರಶ್ನೆಗೆ: ಕರುಳು ಮತ್ತು ಮಿದುಳಿನ ನಡುವೆ ನರಗಳ ಮೂಲಕ ಸದಾ ಮಾತುಕತೆ ನಡೆದಿರುತ್ತದೆ. ಐಬಿಎಸ್‌ನಲ್ಲಿ ಆ ಮಾತಿನ ಸದ್ದು ಜೋರಾಗಿ, ಸಾಧಾರಣ ಗಾಳಿಯೂ ನೋವಾಗಿ ಕೇಳಿಸುತ್ತದೆ. ನೋವು ನಿಜವೇ, ಚಿಕಿತ್ಸೆ ಆ ಸದ್ದನ್ನು ತಗ್ಗಿಸಲು. 1984ರಲ್ಲಿ ಮ್ಯಾಂಚೆಸ್ಟರ್‌ನ ವೈದ್ಯ ಪೀಟರ್ ವೋರ್ವೆಲ್ ಮತ್ತು ಸಂಗಡಿಗರು, ಔಷಧಕ್ಕೆ ಬಗ್ಗದ 30 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ ಒಳ್ಳೆಯ ಫಲ ಕಂಡರು. 12 ತಿಂಗಳು ಔಷಧ ತೆಗೆದುಕೊಂಡರೂ ತಗ್ಗದ ಐಬಿಎಸ್‌ಗೆ ಪರಿಗಣಿಸಬಹುದಾದ ದಾರಿಗಳಲ್ಲಿ ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿ ಇದನ್ನೂ ಹೆಸರಿಸುತ್ತದೆ.

ಅದೇ ಮ್ಯಾಂಚೆಸ್ಟರ್‌ನಲ್ಲಿ 1840ರ ದಶಕದಲ್ಲಿ ಹಿಪ್ನಾಟಿಸಂ ಎಂಬ ಹೆಸರನ್ನು ಬಳಕೆಗೆ ತಂದವರು ಶಸ್ತ್ರವೈದ್ಯ ಜೇಮ್ಸ್ ಬ್ರೇಡ್. ಗ್ರೀಕರ ನಿದ್ರಾದೇವತೆ ಹಿಪ್ನೋಸ್‌ನಿಂದ ಬಂದ ಹೆಸರು ಅದು. ಇದು ನಿದ್ದೆಯಲ್ಲ, ಒಂದೇ ವಿಚಾರದ ಮೇಲೆ ಮನಸ್ಸು ನೆಲೆಗೊಳ್ಳುವುದು ಎಂದು ಆಮೇಲೆ ಅವರೇ ಹೆಸರು ಬದಲಿಸಲು ಹೊರಟರು. ಅಷ್ಟರಲ್ಲಿ ಹೆಸರು ಅಂಟಿಬಿಟ್ಟಿತ್ತು.

ಎಲ್ಲರಿಗೂ ಇದು ಒಂದೇ ಹದದಲ್ಲಿ ಒಗ್ಗುವುದಿಲ್ಲ. ಯಾರು ಎಷ್ಟು ಸಂಮೋಹನಕ್ಕೆ ಒಗ್ಗುತ್ತಾರೆಂದು ಅಳೆಯುವ 1959ರ ಸ್ಟ್ಯಾನ್‌ಫೋರ್ಡ್ ಅಳತೆಪಟ್ಟಿಯ 12 ಪರೀಕ್ಷೆಗಳಲ್ಲಿ ಒಂದು, ಇಲ್ಲದ ನೊಣ ಗುಂಯ್‌ಗುಟ್ಟುತ್ತಿದೆ ಎಂದು ಸೂಚಿಸುವುದು. ಕೆಲವರು ಕೈಬೀಸಿ ಓಡಿಸುತ್ತಾರೆ, ಕೆಲವರಿಗೆ ನಗು ಬರುತ್ತದೆ.

ಎಚ್ಚರಿಕೆ ಎರಡಿವೆ. ಭ್ರಮೆ ಹುಟ್ಟಿಸುವ ಮನೋರೋಗ ಇದ್ದವರು ಮನೋವೈದ್ಯರನ್ನು ಕೇಳದೆ ಹೋಗಬಾರದು. ಮರೆತ ಬಾಲ್ಯವನ್ನೋ ಪೂರ್ವಜನ್ಮವನ್ನೋ ಹೊರತೆಗೆಯುತ್ತೇನೆ ಎನ್ನುವವರ ಬಳಿಯಂತೂ ಸುಳಿಯಬೇಡಿ. ಆ ಸ್ಥಿತಿಯಲ್ಲಿ ನಡೆಯದ ಘಟನೆಯೂ ನೆನಪಿನ ವೇಷ ಹಾಕಿಕೊಂಡು ಬರುತ್ತದೆ.

ಉತ್ತರ: ಹೊಗೆ ಬಿಡದವನು

ಸಿಗರೇಟು ಬಿಡಿಸಲು ಹೋಗಿದ್ದೆ. ಚೆನ್ನಾಗಿ ವಿಶ್ರಾಂತಿ ಸಿಕ್ಕಿತು, ಹೊರಬಂದು ಒಂದು ಹಚ್ಚಿದೆ. ಅಷ್ಟೇ.

ಪ್ರಶ್ನೆ ಕೇಳಿದವನು

ಎಲ್ಲರಿಗೂ ವಂದನೆ. ಇಂದು ಇಬ್ಬರಿಗೆ ಫೋನ್ ಮಾಡಿದೆ. ಮೊದಲನೆಯವರು ಒಂದೇ ಭೇಟಿಯಲ್ಲಿ ಗುಣ, ಖಾತರಿ ಎಂದರು. ಎರಡನೆಯವರು ತೂಕ ಇಳಿದಿದೆಯೇ, ಮಲದಲ್ಲಿ ರಕ್ತ ಕಂಡಿದೆಯೇ ಎಂದು ವಿಚಾರಿಸಿ, ಪರೀಕ್ಷೆಯ ವರದಿಗಳನ್ನು ತನ್ನಿ ಎಂದರು. ಎರಡನೆಯವರ ಬಳಿ ಗುರುವಾರಕ್ಕೆ ಸಮಯ ಸಿಕ್ಕಿದೆ. ಅಲ್ಲಿ ಶೌಚಾಲಯ ಹತ್ತಿರವಿದೆಯೇ ಎಂದೂ ಕೇಳಿದೆ, ಪಕ್ಕದ ಬಾಗಿಲೇ ಅಂತೆ.