ವರ್ತಿ ಅಂದ್ರ ಬುಗ್ಗಿ ಏನ್ರಿ?

ಕಾಗಿಣಾ ದಂಡಿ, ಚಿತ್ತಾಪುರ ತಾಲ್ಲೂಕು:
ನನ್ನ ಮಗ 7ನೇ ಕ್ಲಾಸ್. ಪರೀಕ್ಷಾದಾಗ ‘ಒರತೆ’ ಅರ್ಥ ಕೇಳಿದ್ರು. ಇಂವ ‘ಹೊಳಿ ಉಸುಕಿನಾಗ ತೋಡೋ ಗುಂಡಿ’ ಅಂತ ಬರದಾನ. ಕೆಂಪು ಗೀಟು ಹೊಡದು ‘ಬುಗ್ಗೆ’ ಅಂತ ತಿದ್ದ್ಯಾರ. ಹೇಳಿಕೊಟ್ಟಾಕಿ ನಾನೇ.

ನಮ್ಮಲ್ಲಿ ಅದು ವರ್ತಿ. ಬ್ಯಾಸಗ್ಯಾಗ ಹೊಳಿ ಬತ್ತಿದ ಮ್ಯಾಲ ಆಯಿ ಜೋಡಿ ನಸುಕಿನಾಗೇ ಹೋಗ್ತಿದ್ದೆ. ಮೊಳಕೈ ಮಟ ಉಸುಕು ಬಗದ್ರ ಹಸಿ ಹತ್ತತಿತ್ತು, ಆಮ್ಯಾಲ ನೀರು ಒಸರತಿತ್ತು. ಮೊದಲ್ನೇ ನೀರು ರಾಡಿ. ಪರಟಿಲೆ ಎರಡು ಮೂರು ಸಲ ಎತ್ತಿ ಚೆಲ್ಲಿ ಸುಮ್ಮನ ಕೂಡಬೇಕು. ಆಯಿ ಎಲಿ ಅಡಿಕಿ ಹಾಕೋತಿದ್ಲು. ಅಡಿಕಿ ನುರಿಯೋದ್ರಾಗ ನೀರು ತಿಳಿ. ಗಡಿಬಿಡಿಲೆ ಪರಟಿ ಅದ್ದಿದ್ರ ಬೈಗಳ. ರೊಕ್ಕ ಕೇಳಿದ್ರೂ ಅಕಿದು ಅದೇ ಮಾತು: “ನನ್ನ ಉಡ್ಯಾಗೇನು ವರ್ತಿ ಹತ್ತ್ಯಾದೇನ?”

ತಾನೇ ಉಕ್ಕೋ ಬುಗ್ಗಿಗೂ ಇದಕ್ಕೂ ಏನ್ ಸಂಬಂಧ?

ಭೀಮಾ ದಂಡಿ, ಯಾದಗಿರಿ:
ನಾವು ಚಿಲುಮಿ ಅಂತೀವ್ರಿ ಅಕ್ಕಾ. ನಮ್ಮ ತೆಲುಗು ಬೀಗರು ಅದೇ ಗುಂಡಿಗೆ ಚೆಲಮ ಅಂತಾರ. ‘ಸ್ಫೂರ್ತಿಯ ಚಿಲುಮೆ’ ಅಂತ ಭಾಷಣ ಮಾಡೋರು ಒಂದಿನಾನೂ ಉಸುಕು ಬಗದಿಲ್ಲ ಅನಸ್ತದ.

ಕೆಂಪುಕಲ್ಲು, ಬೀದರ್:
ಟೀಚರದೂ ಪೂರಾ ತಪ್ಪಲ್ರಿ. ಪುಸ್ತಕದ ಕನ್ನಡದಾಗ ಒರತೆ ಅಂದ್ರ ಒಸರೋ ನೀರು. ತೋಡಿದ್ದೂ ಬಂತು, ತಾನಾಗಿ ಬಂದದ್ದೂ ಬಂತು. ನಮ್ಮ ಊರು ಕುಂತದ್ದು ಜಂಬಿಟ್ಟಿಗೆ ಕಲ್ಲಿನ ಮ್ಯಾಲ. ಮಳಿ ನೀರು ಅದರ ತೂತಿನಾಗ ಇಳದು, ಕೆಳಗಿನ ಕರಿಕಲ್ಲಿಗೆ ತಡದು, ಗುಡ್ಡದ ಬದಿಗೆ ಹೊರಬೀಳ್ತದ. ಅದು ಝರಾ. ನಮ್ಮೂರ ಗುರುದ್ವಾರ ಗುರುನಾನಕ್ ಝಿರಾದ ಹೆಸರಿನಾಗ ಇರೋದೂ ಅದೇ ಮಾತು. ಅದನ್ನ ಯಾರೂ ತೋಡಂಗಿಲ್ಲ. ನೌಬಾದದ ಕರೇಜ್ ಮಾತ್ರ ಬ್ಯಾರೆ, ಬಹಮನಿ ಕಾಲದಾಗ ನೆಲದಾಗಿನ ನೀರಿಗೆ ಸುರಂಗ ಕಡದು ಹಾದಿ ಮಾಡ್ಯಾರ.

ಕಾಗಿಣಾ ದಂಡಿ:
ಹಂಗಾದ್ರ ಅರ್ಧ ಮಾರ್ಕ್ಸ್ ಆದ್ರೂ ಕೊಡಬೇಕಿತ್ತು. ರವಿವಾರ ಮಗನಿಗೆ ತೋರಸಲಿಕ್ಕೆ ಹೋಗಿದ್ದೆ. ಉಸುಕೆಲ್ಲ ಲಾರಿ ಏರಿ ಹೋಗ್ಯಾದ, ತಳದ ಫರ್ಸಿಕಲ್ಲು ಕಾಣ್ತಾವ. ಕಲ್ಲಿನಾಗ ಏನ್ ಬಗೀತೀರಿ?

ಯಾದಗಿರಿಯವರ, ಇನ್ನೊಂದು ಕೇಳೋದದ. ಕೊಡ ತುಂಬಿದ ಮ್ಯಾಲ, ದನ ಬಾಯಿ ಹಾಕಬಾರ್ದಂತ ಆಯಿ ವರ್ತಿ ಮ್ಯಾಲ ಜಾಲಿ ಕಂಟಿ ಮುಚ್ಚಿ ಬರ್ತಿದ್ಲು. ಹಂಗ ಮುಚ್ಚೋದಕ್ಕ ನಿಮ್ಮಲ್ಲಿ ಬ್ಯಾರೆ ಹೆಸರದ ಏನ್ರಿ?